ಸ್ಪ್ಯಾನಿಷ್‌ನ ಕಂಡೀಷನಲ್ ಕಲಿಯುವವರಿಗೆ ಅಕಾಡೆಮಿಯ ಉಚಿತ ನಿಘಂಟು: ಒಂದು ವಿಮರ್ಶೆ

ಸ್ಪ್ಯಾನಿಷ್ ಕ್ರಿಯಾಪದಗಳ ರೂಪಗಳನ್ನು ಪಟ್ಟಿ ಮಾಡಿ ಕೊಡುವ ಜಾಲತಾಣಗಳಿಗೂ ಆ್ಯಪ್‌ಗಳಿಗೂ ಇಂದು ಬರವಿಲ್ಲ. ಅವುಗಳಲ್ಲಿ ಹಲವು ಜಾಹೀರಾತುಗಳ ನಡುವೆ ಕೋಷ್ಟಕವನ್ನು ಹುಡುಕಿಕೊಳ್ಳುವ ಶ್ರಮವನ್ನು ಓದುಗನಿಗೇ ಬಿಡುತ್ತವೆ. ಕೆಲವು ಒಂದು ಹಂತದ ನಂತರ ಹಣ ಕೇಳುತ್ತವೆ. ಈ ಗದ್ದಲದಲ್ಲಿ ಕಲಿಯುವವರು ಸಾಮಾನ್ಯವಾಗಿ ಮರೆಯುವ ಒಂದು ಸಾಧನವಿದೆ. ಅದು ಮ್ಯಾಡ್ರಿಡ್‌ನ ರೆಯಾಲ್ ಅಕಾದೆಮಿಯಾ ಎಸ್ಪಾನ್ಯೋಲಾ, ಅಂದರೆ ಸ್ಪ್ಯಾನಿಷ್ ಭಾಷೆಯ ರಾಜಮಾನ್ಯ ಅಕಾಡೆಮಿ, ತನ್ನ ಜಾಲತಾಣದಲ್ಲಿ ಉಚಿತವಾಗಿ ತೆರೆದಿಟ್ಟಿರುವ ನಿಘಂಟು. ಇಡೀ ನಿಘಂಟನ್ನು ಅಳೆಯುವ ಉದ್ದೇಶ ಈ ಬರಹಕ್ಕಿಲ್ಲ. ಸ್ಪ್ಯಾನಿಷ್ ಕಲಿಕೆಯ ನಡುಹಂತದಲ್ಲಿ ಹೆಚ್ಚಿನವರನ್ನು ತಡೆದು ನಿಲ್ಲಿಸುವ, ‘ಹಣವಿದ್ದರೆ ಕೊಳ್ಳುತ್ತಿದ್ದೆ’ ಎನ್ನುವಲ್ಲಿನ ‘ಕೊಳ್ಳುತ್ತಿದ್ದೆ’ಯಂತಹ ಅರ್ಥ ಕೊಡುವ ಕಂಡೀಷನಲ್ ಎಂಬ ಕ್ರಿಯಾರೂಪವೊಂದನ್ನೇ ಎದುರಿಗಿಟ್ಟುಕೊಂಡು, ಅದನ್ನು ಕಟ್ಟುವುದಕ್ಕೂ ಬಳಸುವುದಕ್ಕೂ ಈ ನಿಘಂಟು ಎಷ್ಟರ ಮಟ್ಟಿಗೆ ಒದಗಿಬರುತ್ತದೆ ಎಂಬುದನ್ನು ಮಾತ್ರ ನೋಡಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳುವುದಾದರೆ, ರೂಪದ ವಿಷಯದಲ್ಲಿ ಇದಕ್ಕಿಂತ ನೆಚ್ಚಬಹುದಾದ ಸಾಧನ ನನಗೆ ಸಿಕ್ಕಿಲ್ಲ. ಬಳಕೆಯ ವಿಷಯದಲ್ಲಿ ಮಾತ್ರ ನಿಘಂಟಿನ ಆಚೆಗೂ ಕೈಚಾಚಬೇಕಾಗುತ್ತದೆ.

ಅಕಾಡೆಮಿ 1713ರಲ್ಲಿ ಸ್ಥಾಪನೆಯಾಯಿತು. ಅದರ ಮೊದಲ ನಿಘಂಟು 1726ರಿಂದ 1739ರವರೆಗೆ ಸಂಪುಟಗಳಾಗಿ ಹೊರಬಂದಿತು; ಒಂದೇ ಸಂಪುಟದ ಆವೃತ್ತಿ 1780ರದು. ಈಗ ಬಳಕೆಯಲ್ಲಿರುವ 23ನೆಯ ಆವೃತ್ತಿ 2014ರಲ್ಲಿ ಮುದ್ರಣವಾಗಿದ್ದು, 2017ರಿಂದ ಅದರ ಜಾಲ ರೂಪವನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತ ಬಂದಿದ್ದಾರೆ. ಈ ಕೆಲಸ ಸ್ಪೇನಿಗೆ ಮಾತ್ರ ಸೇರಿದ್ದಲ್ಲ. ಲ್ಯಾಟಿನ್ ಅಮೆರಿಕ ಮೊದಲಾದ ಕಡೆಗಳ ಸೋದರ ಅಕಾಡೆಮಿಗಳೂ ಇದರಲ್ಲಿ ಪಾಲುದಾರರಾಗಿವೆ. ಕಲಿಯುವವನಿಗೆ ಈ ಸಂಗತಿ ಏಕೆ ಮುಖ್ಯವೆಂಬುದು ಕೋಷ್ಟಕವನ್ನು ತೆರೆದ ಕೂಡಲೇ ತಿಳಿಯುತ್ತದೆ.

ಯಾವುದೇ ಕ್ರಿಯಾಪದವನ್ನು ಹುಡುಕಿದರೆ ಅದರ ನಮೂದಿನಿಂದ ರೂಪಗಳ ಕೋಷ್ಟಕವನ್ನು ತೆರೆಯಬಹುದು. ಕಂಡೀಷನಲ್ ಅಲ್ಲಿ ‘ಇಂದಿಕಾತಿವೊ’ (ನಿಶ್ಚಯಾರ್ಥಕ) ವಿಭಾಗದಲ್ಲಿ, ವರ್ತಮಾನ, ಭೂತ, ಭವಿಷ್ಯತ್ತುಗಳ ಸಾಲಿನಲ್ಲೇ ಕುಳಿತಿದೆ. ನೋಡಲು ಇದು ಸಣ್ಣ ವಿಷಯ. ಆದರೆ ಒಂದು ಕಾಲಕ್ಕೆ ಇದೇ ಅಕಾಡೆಮಿ ಈ ರೂಪವನ್ನು ‘ಪೊತೆನ್ಸಿಯಾಲ್’ ಎಂಬ ಬೇರೆಯದೇ ಅರ್ಥಕವಾಗಿ (ಇಂಗ್ಲಿಷ್‌ನಲ್ಲಿ ‘ಮೂಡ್’ ಎನ್ನುವುದು) ಎಣಿಸುತ್ತಿತ್ತು, ಹಳೆಯ ಪಠ್ಯಪುಸ್ತಕಗಳಲ್ಲಿ ಆ ಹೆಸರು ಈಗಲೂ ಕಾಣಸಿಗುತ್ತದೆ. ಇಂದು ಅದನ್ನು ಒಂದು ಕಾಲವೆಂದೇ ಪರಿಗಣಿಸುವುದರಿಂದ ಕೋಷ್ಟಕದಲ್ಲಿ ಅದರ ಸ್ಥಾನ ಬದಲಾಗಿದೆ. ಸಾಲಿನ ತಲೆಯ ಮೇಲೆ ಎರಡು ಹೆಸರುಗಳಿವೆ: ಒಂದು ‘ಕೊಂದಿಸಿಯೊನಾಲ್ ಸಿಂಪ್ಲೆ’, ಇನ್ನೊಂದು ‘ಪೊಸ್ಪ್ರೆತೇರಿತೊ’. ಎರಡನೆಯದು ಕರಾಕಸ್‌ನಲ್ಲಿ ಹುಟ್ಟಿ ಚಿಲಿಯಲ್ಲಿ ಬಾಳಿದ ವೈಯಾಕರಣ ಆಂದ್ರೆಸ್ ಬೆಯೊ 1847ರಲ್ಲಿ ಪ್ರಕಟಿಸಿದ ವ್ಯಾಕರಣದಿಂದ ಬಂದ ಹೆಸರು. ಮೆಕ್ಸಿಕೊದ ಶಾಲಾಪುಸ್ತಕಗಳಲ್ಲಿ ಅದೇ ರೂಢಿಯಲ್ಲಿದೆ. ಭೂತದ ನಂತರದ ಕಾಲ ಎಂಬರ್ಥದ ಈ ಹೆಸರನ್ನು ಕಲಿಯುವವರು ಅಲಂಕಾರವೆಂದು ಬದಿಗೊತ್ತಬಾರದು. ‘ದಿಖೊ ಕೆ ವೆಂದ್ರೀಯ’, ಅಂದರೆ ಬರುವುದಾಗಿ ಹೇಳಿದ್ದ, ಎಂಬ ವಾಕ್ಯದಲ್ಲಿ ಷರತ್ತು ಎಂಬುದೇ ಇಲ್ಲ. ಹೇಳಿದ್ದು ಭೂತ, ಬರುವುದು ಆ ಭೂತಕ್ಕೆ ಭವಿಷ್ಯ, ಅಷ್ಟೇ. ಕಂಡೀಷನಲ್ ಎಂಬ ಹೆಸರು ಮರೆಮಾಚುವ ಈ ಬಳಕೆಯನ್ನು ಬೆಯೊನ ಹೆಸರು ನೇರವಾಗಿ ತೋರಿಸಿಕೊಡುತ್ತದೆ.

ಇನ್ನು ರೂಪಗಳಿಗೆ ಬರೋಣ. ಸ್ಪ್ಯಾನಿಷ್‌ನ ಬೇರೆ ಕಾಲಗಳಿಗೆ ಹೋಲಿಸಿದರೆ ಕಂಡೀಷನಲ್ ಬಹಳ ಸಾಧು ಸ್ವಭಾವದ್ದು. ಕ್ರಿಯಾಪದದ ಕೊನೆಯನ್ನು ಕತ್ತರಿಸದೆ, ನಿಘಂಟಿನಲ್ಲಿರುವ ಮೂಲರೂಪಕ್ಕೇ ಈಯ, ಈಯಸ್, ಈಯ, ಈಯಮೋಸ್, ಈಯೈಸ್, ಈಯನ್ ಎಂಬ ಪ್ರತ್ಯಯಗಳನ್ನು ಹಚ್ಚಿದರೆ ಮುಗಿಯಿತು. ಮಾತನಾಡು ಎಂಬರ್ಥದ ಅಬ್ಲಾರ್ ‘ಅಬ್ಲರೀಯ’ ಆಗುತ್ತದೆ, ತಿನ್ನು ಎಂಬರ್ಥದ ಕೊಮೇರ್ ‘ಕೊಮೆರೀಯ’ ಆಗುತ್ತದೆ, ಬದುಕು ಎಂಬರ್ಥದ ವಿವೀರ್ ‘ವಿವಿರೀಯ’ ಆಗುತ್ತದೆ. ಆರ್, ಏರ್, ಈರ್ ಎಂಬ ಮೂರು ಗುಂಪುಗಳಿಗೂ ಒಂದೇ ಪ್ರತ್ಯಯಮಾಲೆ. ಆರು ರೂಪಗಳಲ್ಲಿಯೂ ಸ್ವರಭಾರ ಆ ‘ಈ’ಕಾರದ ಮೇಲೆಯೇ ಬೀಳುವುದರಿಂದ ಆರರಲ್ಲಿಯೂ ಅದರ ಮೇಲೆ ಒತ್ತಿನ ಗುರುತನ್ನು ಬರೆಯಲೇಬೇಕು. ಲ್ಯಾಟಿನ್ ಅಮೆರಿಕದ ಗ್ರಾಹಕರೊಡನೆ ವ್ಯವಹರಿಸುವ ಬೆಂಗಳೂರಿನ ಉದ್ಯೋಗಿಗಳಿಗೆ ಸಮಾಧಾನ ತರುವ ಇನ್ನೊಂದು ಸಂಗತಿ ಕೋಷ್ಟಕದಲ್ಲಿಯೇ ಇದೆ. ಅರ್ಜೆಂಟೀನಾದವರು ‘ನೀನು’ ಎನ್ನಲು ‘ತೂ’ ಬದಲು ‘ವೊಸ್’ ಎನ್ನುವಾಗ, ಹೊಂದಿರು ಎಂಬರ್ಥದ ತೆನೇರ್‌ಗೆ ವರ್ತಮಾನದಲ್ಲಿ ‘ತಿಯೇನೆಸ್’ ಹೋಗಿ ‘ತೆನೇಸ್’ ಬರುತ್ತದೆ. ಕಂಡೀಷನಲ್‌ನಲ್ಲಿ ಮಾತ್ರ ಎರಡಕ್ಕೂ ‘ತೆಂದ್ರೀಯಸ್’ ಒಂದೇ ರೂಪ. ತೂ, ವೊಸ್, ಗೌರವದ ‘ಉಸ್ತೆದ್’ ಎಲ್ಲವನ್ನೂ ಕೋಷ್ಟಕದಲ್ಲಿಯೇ ನಮೂದಿಸಿರುವುದು ಸೋದರ ಅಕಾಡೆಮಿಗಳ ಪಾಲುದಾರಿಕೆಯ ಫಲ. ಸ್ಪೇನ್ ಒಂದನ್ನೇ ಕಣ್ಣಮುಂದಿಟ್ಟುಕೊಂಡ ಪಠ್ಯಗಳಲ್ಲಿ ಈ ಉದಾರತೆ ಕಾಣುವುದಿಲ್ಲ.

ನಿಯಮ ತಪ್ಪುವ ಕ್ರಿಯಾಪದಗಳು ಮುಖ್ಯವಾಗಿ ಹನ್ನೆರಡು. ಕಬೇರ್, ಅಬೇರ್, ಪೊದೇರ್, ಕೆರೇರ್, ಸಬೇರ್ ಎಂಬ ಐದು ತಮ್ಮ ಕೊನೆಯ ‘ಎ’ಕಾರವನ್ನು ಕಳೆದುಕೊಂಡು ಕಬ್ರೀಯ, ಅಬ್ರೀಯ, ಪೊದ್ರೀಯ, ಕೆರ್ರೀಯ, ಸಬ್ರೀಯ ಆಗುತ್ತವೆ. ಪೊನೇರ್, ಸಲೀರ್, ತೆನೇರ್, ವಲೇರ್, ವೆನೀರ್ ಎಂಬ ಐದರಲ್ಲಿ ಆ ಸ್ವರದ ಜಾಗಕ್ಕೆ ‘ದ’ಕಾರ ನುಗ್ಗಿ ಪೊಂದ್ರೀಯ, ಸಲ್ದ್ರೀಯ, ತೆಂದ್ರೀಯ, ವಲ್ದ್ರೀಯ, ವೆಂದ್ರೀಯ ಎಂದಾಗುತ್ತದೆ. ದೆಸೀರ್, ಅಸೇರ್ ಎಂಬ ಉಳಿದೆರಡು ನಡುವಿನ ಅಕ್ಷರಗಳನ್ನೇ ನುಂಗಿ ದಿರೀಯ, ಅರೀಯ ಎಂದು ಮೊಟಕಾಗುತ್ತವೆ. ಈ ಬದಲಾದ ಧಾತುಗಳೇ ಭವಿಷ್ಯತ್ ಕಾಲದಲ್ಲಿಯೂ ಬರುವುದರಿಂದ ಅದನ್ನು ಮೊದಲೇ ಕಲಿತವರಿಗೆ ಹೊಸ ಹೊರೆಯೇನೂ ಇಲ್ಲ. ಹನ್ನೆರಡನ್ನು ಬಾಯಿಪಾಠ ಮಾಡಲು ನಿಘಂಟು ಬೇಕಾಗಿಲ್ಲ, ಯಾವ ಪಠ್ಯಪುಸ್ತಕವಾದರೂ ಸಾಕು. ನಿಘಂಟಿನ ಬೆಲೆ ತಿಳಿಯುವುದು ಈ ಹನ್ನೆರಡರ ಅಂಚಿನಲ್ಲಿ, ಸಾಮಾನ್ಯ ಪಠ್ಯಗಳು ಮೌನವಾಗುವ ಜಾಗದಲ್ಲಿ.

ಆ ಅಂಚಿನ ಕ್ರಿಯಾಪದಗಳನ್ನೇ ಆರಿಸಿಕೊಂಡು ನಾನು ಇದನ್ನು ಪರೀಕ್ಷಿಸಿದೆ. ದೆಸೀರ್ ಎಂಬುದು ದಿರೀಯ ಆಗುವುದಾದರೆ, ಅದರಿಂದ ಹುಟ್ಟಿದ, ಹರಸು ಎಂಬರ್ಥದ ಬೆಂದೆಸೀರ್ ಏನಾಗಬೇಕು? ತರ್ಕದಂತೆ ‘ಬೆಂದಿರೀಯ’ ಆಗಬೇಕಿತ್ತು. ಭಾಷೆಯಲ್ಲಿ ಇರುವುದು ‘ಬೆಂದೆಸಿರೀಯ’. ಶಪಿಸು ಎಂಬರ್ಥದ ಮಲ್ದೆಸೀರ್ ಕೂಡ ಹಾಗೆಯೇ, ಕಂಡೀಷನಲ್‌ನಲ್ಲಿ ಅದು ಪೂರ್ತಿ ನಿಯಮಬದ್ಧ. ಭವಿಷ್ಯ ನುಡಿ ಎಂಬರ್ಥದ ಪ್ರೆದೆಸೀರ್ ಎರಡು ದೋಣಿಗಳಲ್ಲಿ ಕಾಲಿಟ್ಟಿದೆ: ‘ಪ್ರೆದೆಸಿರೀಯ’ ಕೂಡ ಸರಿ, ‘ಪ್ರೆದಿರೀಯ’ ಕೂಡ ಸರಿ. ಕಂಪ್ಯೂಟರ್ ನಿಯಮದಿಂದ ರೂಪಗಳನ್ನು ಯಾಂತ್ರಿಕವಾಗಿ ಹೆಣೆಯುವ ಸಾಧನಗಳು ಎಡವುವುದು ಇಂತಹ ಕಡೆಗಳಲ್ಲೇ. ಅಕಾಡೆಮಿ ಇವುಗಳನ್ನು ಒಂದೊಂದಾಗಿ ತೂಗಿ ನೋಡಿದೆ. ತೃಪ್ತಿಪಡಿಸು ಎಂಬರ್ಥದ ಸತಿಸ್ಫಸೇರ್ ಅಸೇರ್‌ನ ಜಾಡನ್ನೇ ಹಿಡಿದು ‘ಸತಿಸ್ಫರೀಯ’ ಆಗುತ್ತದೆಂಬುದನ್ನು ಊಹಿಸುವುದು ಹೊಸಬರಿಗೆ ಸುಲಭವಲ್ಲ. ಮಂತೆನೇರ್ ಮುಂತಾದವುಗಳಿಗೆ ‘ತೆನೇರ್‌ನಂತೆ’ ಎಂಬ ಸೂಚನೆ ಇರುವುದರಿಂದ ಒಂದು ಕ್ರಿಯಾಪದವನ್ನು ಹುಡುಕಲು ಹೋದವನಿಗೆ ಅದರ ಬಳಗದ ಪರಿಚಯವೂ ಆಗುತ್ತದೆ.

ಒತ್ತಿನ ಗುರುತಿನ ವಿಷಯದಲ್ಲಿಯೂ ಇದೇ ಎಚ್ಚರ ಕಾಣುತ್ತದೆ. ಕೇಳು ಎಂಬರ್ಥದ ಒಯೀರ್, ನಗು ಎಂಬರ್ಥದ ರೆಯೀರ್, ಕರಿ ಎಂಬರ್ಥದ ಫ್ರೆಯೀರ್ ಈ ಮೂರನ್ನೂ ಮೂಲರೂಪದಲ್ಲಿ ‘ಈ’ಕಾರದ ಮೇಲೆ ಗುರುತು ಹಾಕಿಯೇ ಬರೆಯುತ್ತಾರೆ. ಕಂಡೀಷನಲ್‌ನಲ್ಲಿ ಒಯಿರೀಯ, ರೆಯಿರೀಯ, ಫ್ರೆಯಿರೀಯ ಎಂದಾಗುವಾಗ ಸ್ವರಭಾರ ಪ್ರತ್ಯಯದ ಕಡೆಗೆ ಸರಿಯುವುದರಿಂದ ಹಿಂದಿನ ಗುರುತು ಬಿದ್ದುಹೋಗಿ ಪ್ರತ್ಯಯದ ಗುರುತು ಮಾತ್ರ ಉಳಿಯುತ್ತದೆ. ‘ಮೂಲರೂಪಕ್ಕೆ ಪ್ರತ್ಯಯ ಹಚ್ಚಿ’ ಎಂಬ ನಿಯಮವನ್ನು ನಂಬಿ ಬರೆಯುವ ವಿದ್ಯಾರ್ಥಿ ಒಂದೇ ಪದಕ್ಕೆ ಎರಡು ಗುರುತು ಹಾಕಿಬಿಡುವ ಸಾಧ್ಯತೆ ಇಲ್ಲಿ ಬಹಳ.

ಕೆರೇರ್‌ನ ವಿಷಯ ಬೇರೆ ಬಗೆಯದು. ಬಯಸುತ್ತಿದ್ದೆ ಎಂಬ ಅಪೂರ್ಣ ಭೂತಕ್ಕೆ ‘ಕೆರೀಯ’, ಕಂಡೀಷನಲ್‌ಗೆ ‘ಕೆರ್ರೀಯ’. ಬರಹದಲ್ಲಿ ಒಂದು ಅಕ್ಷರದ ವ್ಯತ್ಯಾಸ, ಕಿವಿಗೆ ನಾಲಿಗೆಯ ತುಸು ಹೆಚ್ಚಿನ ಕಂಪನ. ಹಳಗನ್ನಡದಲ್ಲಿ ರ ಮತ್ತು ಱ ಎಂಬ ಎರಡು ಬೇರೆ ಅಕ್ಷರಗಳಿದ್ದವು. ಆ ಭೇದ ನಮ್ಮ ನಾಲಿಗೆಯಿಂದ ಅಳಿದು ಶತಮಾನಗಳೇ ಕಳೆದಿರುವುದರಿಂದ ಈ ಜೋಡಿಯನ್ನು ಬೇರ್ಪಡಿಸಲು ನಾವು ಹೊಸದಾಗಿ ಅಭ್ಯಾಸ ಮಾಡಬೇಕು. ಕೋಷ್ಟಕ ಎರಡನ್ನೂ ಸ್ಪಷ್ಟವಾಗಿ ಬರೆದು ತೋರಿಸುತ್ತದೆ, ಆದರೆ ಉಚ್ಚಾರವನ್ನು ಕೋಷ್ಟಕದಿಂದ ಕಲಿಯಲಾಗದು. ಸ್ಪ್ಯಾನಿಷ್ ಮಾತನಾಡುವವರಲ್ಲಿ ಅನೇಕರು ವಿನಯದ ಬೇಡಿಕೆಗೆ ‘ಕೆರ್ರೀಯ’ ಬಿಟ್ಟು ‘ಕಿಸಿಯೇರಾ’ ಎನ್ನುವುದು ರೂಢಿ. ನಾಲಿಗೆ ಹೊರಳದವರು ಆ ದಾರಿ ಹಿಡಿದರೂ ತಪ್ಪಿಲ್ಲ.

ಈ ಪ್ರತ್ಯಯಗಳು ಎಲ್ಲಿಂದ ಬಂದವು ಎಂಬ ಕುತೂಹಲವನ್ನು ಕೋಷ್ಟಕ ತಣಿಸುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ಆದರೂ ಕನ್ನಡಿಗರಿಗೆ ಈ ಇತಿಹಾಸ ನೆನಪಿನ ಊರುಗೋಲಾಗಬಲ್ಲುದು. ಆಡುಮಾತಿನ ಲ್ಯಾಟಿನ್‌ನಲ್ಲಿ ಮೂಲರೂಪದ ಮುಂದೆ ‘ಹೊಂದಿದ್ದೆ’ ಎಂಬರ್ಥದ ಸಹಾಯಕ ಕ್ರಿಯಾಪದದ ಭೂತರೂಪ ಬರುತ್ತಿತ್ತು. ಅದೇ ಸವೆದು ಸವೆದು ಇಂದಿನ ‘ಈಯ’ ಆಗಿದೆ. ಮಧ್ಯಯುಗದ ಸ್ಪ್ಯಾನಿಷ್‌ನಲ್ಲಿ ಮೂಲರೂಪಕ್ಕೂ ಈ ಬಾಲಕ್ಕೂ ನಡುವೆ ಸರ್ವನಾಮವನ್ನು ತುರುಕಬಹುದಾಗಿತ್ತು, ಪೋರ್ಚುಗೀಸ್‌ನ ಗ್ರಾಂಥಿಕ ಶೈಲಿಯಲ್ಲಿ ಈಗಲೂ ಅದು ಉಳಿದಿದೆ. ಕನ್ನಡದಲ್ಲಿ ‘ಹಣವಿದ್ದರೆ ಮನೆ ಕೊಳ್ಳುತ್ತಿದ್ದೆ’ ಎನ್ನುವಾಗ ನಡೆಯದ ಕೆಲಸವನ್ನು ಹೇಳಲು ನಾವು ನೆಚ್ಚಿಕೊಳ್ಳುವುದೂ ‘ಇದ್ದೆ’ ಎಂಬ ಸಹಾಯಕ ಕ್ರಿಯಾಪದದ ಭೂತರೂಪವನ್ನೇ. ದೂರದ ಎರಡು ಭಾಷೆಗಳು ಒಂದೇ ಬಗೆಯ ಸಾಮಗ್ರಿಯಿಂದ ಒಂದೇ ಕೆಲಸವನ್ನು ಮಾಡಿಕೊಂಡಿವೆ.

ಹೋಲಿಕೆ ಇಲ್ಲಿಗೇ ನಿಲ್ಲುವುದರಿಂದ ತೊಡಕೂ ಇಲ್ಲಿಂದಲೇ ಆರಂಭವಾಗುತ್ತದೆ, ನಿಘಂಟಿನ ಕೋಷ್ಟಕ ಕೈಬಿಡುವುದೂ ಇಲ್ಲಿಯೇ. ಕನ್ನಡದಲ್ಲಿ ಷರತ್ತಿನ ಗುರುತು ಷರತ್ತಿನ ಭಾಗಕ್ಕೇ ಅಂಟಿರುತ್ತದೆ. ‘ಹಣವಿದ್ದರೆ ಕೊಳ್ಳುತ್ತೇನೆ’ ಎಂದರೂ ‘ಹಣವಿದ್ದರೆ ಕೊಳ್ಳುತ್ತಿದ್ದೆ’ ಎಂದರೂ ಮೊದಲ ತುಂಡು ಬದಲಾಗುವುದಿಲ್ಲ. ಆಸೆ ಈಡೇರುವಂಥದೋ ಬರಿಯ ಕನಸೋ ಎಂಬುದನ್ನು ಕೊನೆಯ ಕ್ರಿಯಾಪದ ಹೇಳುತ್ತದೆ. ಸ್ಪ್ಯಾನಿಷ್‌ನಲ್ಲಿ ಎರಡು ತುಂಡುಗಳೂ ಬದಲಾಗುತ್ತವೆ. ಮೊದಲನೆಯದು ‘ಸಿ ತೆಂಗೊ ದಿನೇರೊ, ಕೊಂಪ್ರರೇ ಉನಾ ಕಾಸಾ’. ಎರಡನೆಯದು ‘ಸಿ ತುವಿಯೇರಾ ದಿನೇರೊ, ಕೊಂಪ್ರರೀಯ ಉನಾ ಕಾಸಾ’. ಎರಡನೆಯದರಲ್ಲಿ ‘ಸಿ’ಯ ಪಕ್ಕದಲ್ಲಿ ಬಂದಿರುವುದು ಬಯಕೆ, ಸಂದೇಹ, ಕಲ್ಪನೆಗಳನ್ನು ಹೇಳುವ ಸಬ್ಜಂಕ್ಟಿವ್‌ನ ಭೂತರೂಪ, ಕಂಡೀಷನಲ್ ಇರುವುದು ಫಲವನ್ನು ಹೇಳುವ ಭಾಗದಲ್ಲಿ. ಹೆಸರನ್ನು ನಂಬಿ, ಕನ್ನಡದ ‘ಅರೆ’ ಪ್ರತ್ಯಯದ ಅಭ್ಯಾಸವನ್ನೂ ಜೊತೆಗೆ ತಂದು, ‘ಸಿ ತೆಂದ್ರೀಯ’ ಎಂದು ಕಟ್ಟುವುದು ನಮ್ಮವರಿಗೆ ಅತ್ಯಂತ ಸಹಜ. ವಿಶೇಷವೆಂದರೆ ಬಾಸ್ಕ್ ನಾಡು, ನವಾರ್ರಾ, ಬುರ್ಗೋಸ್ ಮೊದಲಾದ ಉತ್ತರ ಸ್ಪೇನಿನ ಭಾಗಗಳಲ್ಲಿ ಸ್ಪ್ಯಾನಿಷ್ ಮನೆಮಾತಾಗಿರುವವರ ಬಾಯಲ್ಲೂ ಇದೇ ಪ್ರಯೋಗ ಕೇಳಿಬರುತ್ತದೆ. ಶಿಷ್ಟ ಭಾಷೆಯಲ್ಲಿ ಅದು ಸಲ್ಲದೆಂಬುದು ಅಕಾಡೆಮಿಯ ನಿಲುವು. ಬುರ್ಗೋಸ್‌ನಲ್ಲಿ ಅದು ಊರ ಮಾತಿನ ಸೊಗಡು ಎನಿಸಿಕೊಂಡೀತು. ಪರೀಕ್ಷೆಯಲ್ಲಿ ಬರೆದ ಕನ್ನಡಿಗನಿಗೆ ಅಂಕ ಹೋಗುತ್ತದೆ.

ಇಂತಹ ಪ್ರಶ್ನೆಗಳಿಗೆ ತಿರುಗಬೇಕಾದದ್ದು ಅದೇ ಜಾಲತಾಣದ ಸೋದರ ಗ್ರಂಥಕ್ಕೆ. 2005ರಲ್ಲಿ ಮೊದಲು ಹೊರಬಂದ, ಭಾಷಾ ಸಂದೇಹಗಳ ನಿಘಂಟು ಎನ್ನಬಹುದಾದ ‘ದಿಕ್ಸಿಯೊನಾರಿಯೊ ಪಾನಿಸ್ಪಾನಿಕೊ ದೆ ದೂದಾಸ್’ ಕೂಡ ಉಚಿತವಾಗಿಯೇ ಸಿಗುತ್ತದೆ. ಅದರ ಅನುಬಂಧದಲ್ಲಿ ಅಮಾರ್, ತೆಮೇರ್, ಪರ್ತೀರ್ ಎಂಬ ಮಾದರಿಗಳಿಂದ ಆರಂಭಿಸಿ ನಿಯಮ ತಪ್ಪುವ ಕ್ರಿಯಾಪದಗಳವರೆಗೆ ರೂಪಮಾಲೆಗಳಿವೆ; ಒಳಗಿನ ನಮೂದುಗಳಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ತೀರ್ಪುಗಳಿವೆ. ಮೊದಲ ನಿಘಂಟು ರೂಪವನ್ನು ಕೊಟ್ಟು ಸುಮ್ಮನಾದರೆ ಎರಡನೆಯದು ವಾಕ್ಯದೊಳಗೆ ಅದರ ನಡತೆಯನ್ನು ವಿಚಾರಿಸುತ್ತದೆ. ಎರಡನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ಓದುವುದೇ ಸರಿಯಾದ ಕ್ರಮವೆಂದು ನನಗೆ ತೋರುತ್ತದೆ.

ಆದರೂ ಬಳಕೆಯ ಎಲ್ಲ ಮಗ್ಗುಲುಗಳೂ ಅಲ್ಲಿ ಸಿಗುವುದಿಲ್ಲ. ಪರೋಕ್ಷ ಕಥನವನ್ನೇ ನೋಡೋಣ. ಕನ್ನಡದಲ್ಲಿ ‘ಬರುತ್ತೇನೆ ಎಂದು ಹೇಳಿದ’ ಎನ್ನುವಾಗ ಆಡಿದ ಮಾತನ್ನು ಆಡಿದ ಕಾಲದಲ್ಲೇ ಇಟ್ಟು ‘ಎಂದು’ ಸೇರಿಸಿದರೆ ಸಾಕು, ಕಾಲವನ್ನು ಹಿಂದಕ್ಕೆ ಸರಿಸುವ ಅಗತ್ಯವೇ ಬೀಳುವುದಿಲ್ಲ. ಈ ಅಭ್ಯಾಸದಿಂದ ಬಂದವರು ‘ವೆಂದ್ರೀಯ’ ಎನ್ನಬೇಕಾದ ಕಡೆಯಲ್ಲೆಲ್ಲ ‘ವೆಂದ್ರಾ’ ಎಂದು ಭವಿಷ್ಯತ್ತನ್ನೇ ಬಳಸುತ್ತಾರೆ. ಬರುವ ಸಮಯ ಇನ್ನೂ ಮುಂದಿದ್ದರೆ ಅದೂ ಸಾಧುವೇ. ಆ ಸಮಯ ಕಳೆದುಹೋಗಿದ್ದರೆ ಕಂಡೀಷನಲ್ ಬೇಕು. ಕನ್ನಡಿಗನಿಗೆ ಈ ಎಚ್ಚರಿಕೆಯನ್ನು ಮ್ಯಾಡ್ರಿಡ್‌ನ ನಿಘಂಟು ಕೊಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ, ಹಾಗಾಗಿ ಇದನ್ನು ಕೊರತೆ ಎನ್ನಲಾರೆ.

ಭೂತದ ಬಗೆಗಿನ ಊಹೆಗೂ ಈ ರೂಪ ಬರುತ್ತದೆ. ‘ಸೆರೀಯನ್ ಲಾಸ್ ದಿಯೇಸ್’ ಎಂದರೆ ಆಗ ಗಂಟೆ ಹತ್ತಾಗಿದ್ದೀತು ಎಂದು. ಈಗಿನ ಹೊತ್ತನ್ನು ಊಹಿಸುವುದಾದರೆ ಭವಿಷ್ಯತ್ ರೂಪ, ‘ಸೆರಾನ್ ಲಾಸ್ ದಿಯೇಸ್’. ನಮ್ಮ ಶಾಲಾ ವ್ಯಾಕರಣದ ಸಂಭಾವನಾರ್ಥಕ, ಬಂದಾನು, ಬಂದೀತು, ಬಂದಾರು, ಈ ಅರ್ಥಕ್ಕೆ ಹತ್ತಿರದ ನೆಂಟ. ಪಠ್ಯಗಳು ಈ ಬಳಕೆಯನ್ನು ಕೊನೆಯ ಪುಟಕ್ಕೆ ತಳ್ಳುತ್ತವೆ, ಕನ್ನಡಿಗರಿಗೆ ಮಾತ್ರ ಇದನ್ನೇ ಮೊದಲು ಕಲಿಸಬಹುದು. ನನಗೆ ನೆರವಾಗಬಲ್ಲಿರಾ ಎಂಬ ವಿನಯದ ‘ಪೊದ್ರೀಯ ಅಯುದಾರ್ಮೆ’, ನೀನು ಹೀಗೆ ಮಾಡುವುದು ಒಳ್ಳೆಯದು ಎಂಬ ಸಲಹೆಯ ‘ದೆಬೆರೀಯಸ್’, ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಎನ್ನುವ ‘ಯೊ ಕೆ ತೂ’ ಮುಂತಾದವು ಮಾತಿನಲ್ಲೇ ರೂಢಿಯಾಗುವಂಥವು, ಅವಕ್ಕೆ ನಿಘಂಟಿನ ಹಂಗು ಅಷ್ಟಾಗಿ ಇಲ್ಲ.

ಈ ಸಾಧನದ ನಿಜವಾದ ಮಿತಿಗಳೆಂದರೆ ಎರಡು. ಎಲ್ಲ ವಿವರಣೆಯೂ ಸ್ಪ್ಯಾನಿಷ್‌ನಲ್ಲೇ ಇದೆ, ಅದೂ ಸಂಕ್ಷೇಪಾಕ್ಷರಗಳಿಂದ ಇಡಿಕಿರಿದ ಕೋಶದ ಸ್ಪ್ಯಾನಿಷ್‌ನಲ್ಲಿ. ಮೊದಲ ಹಂತದ ವಿದ್ಯಾರ್ಥಿ ಕೋಷ್ಟಕವನ್ನು ಓದಿಕೊಂಡಾನು, ನಮೂದಿನ ಟಿಪ್ಪಣಿಗಳನ್ನು ಓದಲಾರ. ಎರಡನೆಯದಾಗಿ, ಇಲ್ಲಿ ಅಭ್ಯಾಸ ಪಾಠಗಳಿಲ್ಲ. ನೋಡಿದ್ದನ್ನು ಕೈಗೆ ಹತ್ತಿಸಿಕೊಳ್ಳುವ ಕೆಲಸ ಬೇರೆ ಕಡೆ ನಡೆಯಬೇಕು. ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಅನುಕೂಲವೊಂದಿದೆ: ಓದುವಾಗ ಎದುರಾದ ‘ತೆಂದ್ರೀಯ’ವನ್ನು ಹಾಗೆಯೇ ಹುಡುಕುಪಟ್ಟಿಯಲ್ಲಿ ಹಾಕಿದರೂ ಅದು ತೆನೇರ್‌ನ ನಮೂದಿಗೆ ಕರೆದೊಯ್ಯುತ್ತದೆ, ಮೂಲರೂಪವನ್ನು ಮೊದಲೇ ತಿಳಿದಿರಬೇಕಾಗಿಲ್ಲ. ಮೊಬೈಲಿಗೂ ಉಚಿತ ಆ್ಯಪ್ ಇದೆ. ಸ್ಪ್ಯಾನಿಷ್ ಬೋಧನೆಗಾಗಿ ಸ್ಪೇನ್ ಸರ್ಕಾರ ನಡೆಸುವ ಇನ್ಸ್ತಿತೂತೊ ಸೆರ್ವಾಂತೆಸ್‌ನ ಪಠ್ಯಕ್ರಮ ಈ ಕಾಲವನ್ನು ಬಿ1 ಎಂಬ ಮಧ್ಯಮ ಹಂತದಲ್ಲಿ ಇರಿಸಿದೆ. ಆ ಹಂತಕ್ಕೆ ಬಂದವರು, ಅಂದರೆ ಸರಳ ಸ್ಪ್ಯಾನಿಷ್ ಗದ್ಯವನ್ನು ನಿಧಾನವಾಗಿಯಾದರೂ ಓದಬಲ್ಲವರು, ಹಣ ಕೊಟ್ಟು ಕೊಳ್ಳುವ ಕ್ರಿಯಾರೂಪದ ಆ್ಯಪ್‌ಗಳಿಂದ ಇಲ್ಲಿಗೆ ಬಂದರೆ ಕಳೆದುಕೊಳ್ಳುವುದೇನೂ ಇಲ್ಲ. ಅದಕ್ಕಿಂತ ಕೆಳಗಿನವರಿಗೆ ತರಗತಿಯ ಪುಸ್ತಕವೇ ಲೇಸು.

ಇನ್ನೂ ಮುಂದುವರಿದವರಿಗೆ ಒಂದು ಮಾತು ಉಳಿದಿದೆ. ಲ್ಯಾಟಿನ್ ಅಮೆರಿಕದ ಪತ್ರಿಕೆಗಳನ್ನು ಓದುವಾಗ ‘ಎಲ್ ಮಿನಿಸ್ತ್ರೊ ಅಬ್ರೀಯ ದಿಮಿತೀದೊ’ ಎಂಬಂತಹ ಶೀರ್ಷಿಕೆಗಳು ಆಗಾಗ ಎದುರಾಗುತ್ತವೆ. ರೂಪದಲ್ಲಿ ಇದು ಅಬೇರ್‌ನ ಕಂಡೀಷನಲ್ ಜೊತೆಗೆ ಕೃದಂತ ಸೇರಿದ ಸಂಯುಕ್ತ ರೂಪ. ‘ತಿಳಿದಿದ್ದರೆ ಬಂದಿರುತ್ತಿದ್ದೆ’ ಎನ್ನಲು ಬಳಸುವುದೂ ಇದನ್ನೇ. ಶೀರ್ಷಿಕೆಯಲ್ಲಿ ಮಾತ್ರ ಯಾವ ಷರತ್ತೂ ಇಲ್ಲ, ಮಂತ್ರಿ ರಾಜೀನಾಮೆ ಕೊಟ್ಟಿದ್ದಾರಂತೆ ಎಂದಷ್ಟೇ ಅರ್ಥ. ಕನ್ನಡದಲ್ಲಿ ಒಂದು ‘ಅಂತೆ’ಯಿಂದ ಮುಗಿಯುವ ಈ ಕೆಲಸಕ್ಕೆ ‘ವದಂತಿಯ ಕಂಡೀಷನಲ್’ ಎಂದೇ ಹೆಸರು ಬಿದ್ದಿದೆ. ಫ್ರೆಂಚ್ ಪ್ರಭಾವದ ಪ್ರಯೋಗವೆಂದು ಹಲವು ಪತ್ರಿಕಾ ಶೈಲಿಯ ಕೈಪಿಡಿಗಳು ಇದನ್ನು ಬೇಡವೆನ್ನುತ್ತವೆ, ಪತ್ರಕರ್ತರು ಬಳಸುತ್ತಲೇ ಇದ್ದಾರೆ. ಕ್ರಿಯಾರೂಪದ ಕೋಷ್ಟಕವನ್ನು ಎಷ್ಟು ದಿಟ್ಟಿಸಿದರೂ ಈ ಅರ್ಥ ಹೊಳೆಯದು. ಅದಕ್ಕೆ ಅಕಾಡೆಮಿಗಳೇ ಸೇರಿ 2009ರಿಂದ ಪ್ರಕಟಿಸಿದ ದೊಡ್ಡ ವ್ಯಾಕರಣದಲ್ಲಿ ಕಾಲಗಳ ಅಧ್ಯಾಯವನ್ನು ತೆರೆಯಬೇಕು. ಅದೂ ಅದೇ ಜಾಲತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತದೆ, ಓದಲು ಮಾತ್ರ ಸಾಕಷ್ಟು ತಾಳ್ಮೆ ಬೇಕು.